ಜೀನ್ಸ್ ಶೆಡ್ಡಿನ ಮಾಸ್ಟರ್

ಮಾಸ್ಟರ್ ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಹರೆಯದಲ್ಲಿ ಜೀನ್ಸ್ ಹೊಲಿಯುವಾಗ ಸೂಜಿ ಅದರೊಳಗೇ ಮುರಿದಿತ್ತಂತೆ. ನಮ್ಮ ಹೊಲಿಗೆ ಸೊಟ್ಟಗಾದರೆ ಆ ಉಗುರಿನಿಂದಲೇ ಬಟ್ಟೆಯ ಮೇಲೆ ಗೀರೆಳೆದು, "ಇದೇನ್ ಹೊಲಿಗಿಯೇನವ್ವಾ, ಕುರುಗೋಡಿನ ರಸ್ತೆಯೇನು?" ಎನ್ನುತ್ತಿದ್ದರು. ಕುರುಗೋಡಿನಿಂದ ಬರುವ ಹೆಂಗಸರು ಮುಖ ಊದಿಸಿಕೊಂಡರೆ, ಸಿರಿಗೇರಿಯಿಂದ ಮದುವೆಯಾಗಿ ಬಳ್ಳಾರಿಗೆ ಬಂದ ನಾನು ಕಿಸಕ್ಕನೆ ನಗುತ್ತಿದ್ದೆ. ಮರುಗಳಿಗೆಗೆ ನನಗೂ ಬೈಗುಳ ಬೀಳುತ್ತಿತ್ತು, ಅದೂ ತೆಲುಗಿನಲ್ಲಿ. ಸಿಟ್ಟು ನೆತ್ತಿಗೇರಿದರೆ ಅವರಿಗೆ ಕನ್ನಡ ಸಾಲುತ್ತಿರಲಿಲ್ಲ.

ನನ್ನ ಗಂಡ ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆ ಮುಚ್ಚಿದ ಮೇಲೆ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ನನ್ನ ಹೊಲಿಗೆಯಿಂದಲೇ. ಪೆಡಲ್ ಮೇಲೆ ಕಾಲಿಡಲೂ ಹೆದರುತ್ತಿದ್ದ ನನಗೆ ಆ ದಪ್ಪ ಬಟ್ಟೆಯನ್ನು ಪಳಗಿಸಲು ಕಲಿಸಿದವರು ಮಾಸ್ಟರ್. "ಎಳೀಬ್ಯಾಡವ್ವಾ. ಬಟ್ಟಿ ತಾನಾ ಬರತೈತಿ, ನೀ ದಾರಿ ತೋರಿಸು ಸಾಕು" ಎನ್ನುತ್ತಿದ್ದರು.

ಆಮೇಲೆ ಆರ್ಡರ್‌ಗಳು ಬತ್ತತೊಡಗಿದವು. ಮೊದಲು ಸಿರುಗುಪ್ಪ ಕಡೆಯವರಿಗೆ ಮಾಲೀಕರು, "ನಾಳೆ ಬರಬ್ಯಾಡ್ರಿ, ಫೋನ್ ಮಾಡ್ತೀವಿ" ಎಂದರು. ಆ ಫೋನು ಬರಲೇ ಇಲ್ಲ. ನಂತರ ಕುರುಗೋಡಿನವರ ಸರದಿ. ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟರೆ ಇವತ್ತು ಯಾರ ಸ್ಟೂಲು ಖಾಲಿಯೋ ಎಂದು ನೋಡಲೂ ಭಯ. ಮಾಸ್ಟರ್ ಮಾತ್ರ ಖಾಲಿ ಮಷೀನುಗಳನ್ನೂ ದಿನಾ ಒರೆಸಿ ಬಟ್ಟೆ ಹೊದಿಸುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಮಾಲೀಕರಿಗೆ ಎಲ್ಲಿಲ್ಲದ ಉಮೇದು. ಮಷೀನುಗಳು ಫಳಫಳ ಹೊಳೆಯಬೇಕು, ಮನೆಗೆ ಕಳಿಸಿದವರನ್ನೂ ಪೂಜೆಗೆ ಕರೆಯಿರಿ ಎಂದರು. ಎಲ್ಲರೂ ಓಡೋಡಿ ಬಂದು ಉಜ್ಜಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದೆವು. ಮಂಗಳಾರತಿಯ ಹೊತ್ತಿಗೆ ಅಪರಿಚಿತರೊಬ್ಬರು ಬಂದು ಒಂದೊಂದೇ ಮಷೀನಿನ ಮುಂದೆ ನಿಂತು ನೋಡತೊಡಗಿದರು. ದೊಡ್ಡ ಆರ್ಡರ್ ಕೊಡುವ ಸಾಹೇಬರೇ ಸರಿ ಎಂದು ನಾವು ಹಿಗ್ಗಿ ಹೀರೇಕಾಯಿಯಾದೆವು. ಮೊದಲ ಪ್ರಸಾದ ಅವರಿಗೇ ಕೊಟ್ಟೆವು. ಪೂಜೆಯಾದ ದಿನ ಮಷೀನು ಓಡಿಸಬಾರದು. ಆದರೆ ನನಗೆ ತಡೆಯಲಾಗಲಿಲ್ಲ. "ನನ್ ಮಿಷಿನ್ ನೋಡ್ರಿ ಸಾಹೇಬ್ರ, ಒಂದಿನಾನೂ ಕೈ ಕೊಟ್ಟಿಲ್ಲ" ಎಂದು ಗರಗರ ಓಡಿಸಿಯೇ ಬಿಟ್ಟೆ.

ಮಾಸ್ಟರ್ ಬಂದು ಸ್ವಿಚ್ ಆರಿಸಿದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಸಾಕು ಬಿಡವ್ವಾ. ಅವ್ರು ಹಳೇ ಮಿಷಿನ್ ಕೊಳ್ಳೋ ವ್ಯಾಪಾರಿ" ಎಂದರು. ನಾನು ಪೆಡಲ್ ಮೇಲಿನ ಕಾಲು ತೆಗೆದೆ.

ವಾರದೊಳಗೆ ಶೆಡ್ಡು ಬರಿದಾಯಿತು. ಮಾಸ್ಟರ್ ಊರಿನ ಶೆಡ್ಡುಗಳ ಬಾಗಿಲು ಬಾಗಿಲಿಗೆ ಹೋಗಿ, "ಕೆಲಸ ಬಲ್ಲ ಹೆಣ್ಮಕ್ಕಳು ಅದಾರ್ರಿ" ಎಂದು ನಮಗಾಗಿ ಕೇಳಿದರು. ಎಲ್ಲ ಕಡೆಯೂ ಅದೇ ರಾಗ, ಅದೇ ಹಾಡು. ಕೊನೆಗೆ ಒಂದು ಕಡೆ ಅವರನ್ನೇ ಕರೆದರು, ಒಬ್ಬರಿಗೆ ಮಾತ್ರ ಜಾಗ. ಅವರು ನನ್ನನ್ನು ಕರೆದೊಯ್ದು ಆ ಬಾಗಿಲಲ್ಲಿ ನಿಲ್ಲಿಸಿದರು.

"ನಿಮ್ ಹೊಟ್ಟಿಪಾಡು ಹೆಂಗ್ರಿ ಮಾಸ್ಟರ್?" ಎಂದು ಜಗಳಕ್ಕೇ ನಿಂತೆ.

"ನಿಮ್ಮನ್ಯಾಗ ದುಡಿಯಾಕಿ ನೀ ಒಬ್ಬಾಕಿ. ಬಾಯಿ ಮುಚ್ಕೊಂಡು ಒಳಗ ನಡಿ!"

ನಡೆದೆ. ಅವರಿಗೆ ಮತ್ತೆ ಎಲ್ಲೂ ಕೆಲಸ ಸಿಗಲಿಲ್ಲ.

ಈ ಬೇಸಿಗೆಯಲ್ಲಿ ಕೆಲಸ ಕೇಳಲು ಬಿಸಿಲಲ್ಲಿ ಹೊರಟ ಮಾಸ್ಟರ್ ಬಸ್ ನಿಲ್ದಾಣದ ಹತ್ತಿರ ಕುಸಿದರು, ಮತ್ತೆ ಏಳಲಿಲ್ಲ. ಮರುದಿನ ಬುಧವಾರ, ಮಣ್ಣಿಗೆ ಹೋದರೆ ಓಣಿ ತುಂಬ ಜನ. ಸಿರುಗುಪ್ಪ, ಕರೂರು, ಕುರುಗೋಡಿನ ನಮ್ಮ ಹೆಂಗಸರೆಲ್ಲ ಬಂದಿದ್ದರು. ಬೇರೆ ಶೆಡ್ಡುಗಳ ಕಟಿಂಗಿನವರು, ಬಟ್ಟೆ ತೊಳೆಯುವವರು, ಗುಂಡಿ ಹಚ್ಚುವವರೂ ಬಂದಿದ್ದರು. ಪಕ್ಕದ ಮನೆಯ ಅಜ್ಜ ಕಣ್ಣೊರೆಸಿಕೊಳ್ಳುತ್ತ, "ದುಡಿಯೋ ದಿನ ಆದ್ರೂ ಎಷ್ಟ್ ಮಂದಿ ಬಂದಾರ ನೋಡವ್ವಾ. ಪುಣ್ಯವಂತ" ಎಂದ.

ಪುಣ್ಯವಂತರೇ, ಅನುಮಾನವಿಲ್ಲ. ಆದರೆ ನಾನು ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದೆ. ಅಷ್ಟು ಜನರಲ್ಲಿ ರಜೆ ಕೇಳಿ ಬಂದವಳು ನಾನೊಬ್ಬಳೇ.