ಮಾತು ಕೇಳುವ ಮನೆಯಲ್ಲಿ ಮಾತಿಲ್ಲದ ಎರಡು ವಾರ

ನಮ್ಮ ಮನೆಯ ಸ್ವಿಚ್ಚುಗಳಿಗೆಲ್ಲ ಬಿಳಿ ಟೇಪು ಅಂಟಿಸಿದೆ. ಮೊದಲ ಸಲ ಬಂದವರು ಶಾಕ್ ಹೊಡೆಯುತ್ತದೇನೋ ಎಂದು ಗೋಡೆಯಿಂದ ಒಂದು ಮಾರು ದೂರ ನಿಲ್ಲುತ್ತಾರೆ. ಹಾಗೇನಿಲ್ಲ. ಯಲ್ಲಾಪುರದ ಈ ಮನೆಯಲ್ಲಿ ದೀಪ, ಫ್ಯಾನು ಎಲ್ಲವೂ ಬಾಯಿಮಾತಿಗೆ ಹೊತ್ತಿಕೊಳ್ಳುತ್ತವೆ, ತಿರುಗುತ್ತವೆ. ಯಾರಾದರೂ ಹಳೆಯ ರೂಢಿಯಂತೆ ಸ್ವಿಚ್ಚು ಆರಿಸಿಬಿಟ್ಟರೆ ಮಾತ್ರ, ಎಷ್ಟು ಕೂಗಿದರೂ ಜಪ್ಪಯ್ಯ ಎನ್ನುವುದಿಲ್ಲ. ಅದಕ್ಕೇ ಟೇಪು.

ಇದನ್ನೆಲ್ಲ ಮಾಡಿಸಿದವರು ನನ್ನ ಯಜಮಾನರು. ದನದ ಡಾಕ್ಟರು. ದಿನವಿಡೀ ಮಾತು ಬಾರದ ರೋಗಿಗಳ ನಡುವೆ ಓಡಾಡಿ ಅವರಿಗೂ ಮಾತು ಮರೆತುಹೋಗಿದೆ ಎಂಬುದು ನನ್ನ ಬಹುಕಾಲದ ಆರೋಪ. ‘ಹೂಂ’, ‘ಊಹೂಂ’, ‘ನೋಡನ’ — ನಮ್ಮ ಸಂಸಾರದ ಸಂಭಾಷಣೆಯಲ್ಲಿ ಅವರ ಪಾಲು ಇಷ್ಟೇ. ಉಳಿದದ್ದನ್ನು ನಾನು ನಿಭಾಯಿಸುತ್ತಿದ್ದೆ. ಇಂಥವರಿಗೆ ಮಾತು ಕೇಳುವ ಯಂತ್ರಗಳ ಹುಚ್ಚು ಯಾಕೆ ಹಿಡಿಯಿತೋ! ನನ್ನ ಮಾತು ಹಂಚಿಕೊಳ್ಳಲು ಇನ್ನಷ್ಟು ಕಿವಿಗಳಿರಲಿ ಎಂದು ತಂದರೆಂದೇ ನನ್ನ ಅನುಮಾನ.

ಯಂತ್ರಗಳು ಮೂರು, ಕಂಪನಿಯೂ ಮೂರು. ಕಂಪನಿಯವರು ಇಟ್ಟ ಹೆಸರುಗಳು ಏನೇ ಇರಲಿ, ನಮಗೆ ಅವು ಹಾಲ್‌ನಲ್ಲಿ ಕೂತಿರುವ ಹಾಲಿನವಳು, ಅಡುಗೆಮನೆಯವಳು ಮತ್ತು ಫೋನಿನವಳು. ದೀಪ, ಫ್ಯಾನುಗಳ ಅಧಿಕಾರವೆಲ್ಲ ಹಾಲಿನವಳದು. ಅವಳಿಗೆ ಇಂಗ್ಲಿಷೇ ಆಗಬೇಕು. ಅಡುಗೆಮನೆಯವಳು ಹಿಂದಿಯವಳು. ಹಾಡು ಹಾಕುವುದು, ಕುಕ್ಕರ್ ಇಟ್ಟಾಗ ಹೊತ್ತು ನೋಡಿ ಎಚ್ಚರಿಸುವುದು ಅವಳ ಕೆಲಸ. ಫೋನಿನವಳಿಗೆ ಕನ್ನಡ ಬರುತ್ತದೆ, ಆದರೆ ಪಠ್ಯಪುಸ್ತಕದ ಕನ್ನಡ. ಒಬ್ಬಳಿಗೆ ಹೇಳಿದ್ದು ಇನ್ನೊಬ್ಬಳಿಗೆ ತಿಳಿಯುವುದಿಲ್ಲ. ನಮ್ಮ ಅತ್ತೆಯಂತೂ ಮೂವರೊಂದಿಗೂ ಹವಿಗನ್ನಡದಲ್ಲೇ ವ್ಯವಹರಿಸುತ್ತಾರೆ. “ಏ ಕೂಸೆ, ಲೈಟು ಹಾಕೆ” ಎಂದು ಎರಡು ಸಲ ಹೇಳಿ ನೋಡಿ, “ಇದಕ್ಕೆ ಕಿವಿ ಕೇಳ್ತಿಲ್ಲೆ” ಎಂದು ನನ್ನತ್ತ ತಿರುಗುತ್ತಾರೆ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತೇನೆ. ದೀಪ ಹೊತ್ತಿಕೊಳ್ಳುತ್ತದೆ. ಹೀಗೆ ಮೂರು ಭಾಷೆಯ ಮೂವರು ಹೆಂಗಸರನ್ನು ಆಳುತ್ತ ನಾನು ಸುಖವಾಗಿದ್ದೆ.

ಆಗಲೇ ನನ್ನ ಗಂಟಲು ಕೈಕೊಟ್ಟಿತು. ನಮ್ಮದೊಂದು ಮಹಿಳಾ ತಾಳಮದ್ದಲೆ ತಂಡವಿದೆ. ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲೇ ಮಾತಿನಲ್ಲೇ ಪಾತ್ರ ಕಟ್ಟುವ ಕಲೆ ಅದು. ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಸಿದ್ದಾಪುರದಲ್ಲಿ ನಮ್ಮ ಕೂಟ ನಿಗದಿಯಾಗಿತ್ತು. ಸಂಧಾನಕ್ಕೆ ಬಂದ ದೂತನನ್ನು ವಾದದಲ್ಲಿ ಕಟ್ಟಿಹಾಕುವ ರಾಣಿಯ ಪಾತ್ರ ನನಗೆ ಮೊದಲ ಬಾರಿ ಸಿಕ್ಕಿತ್ತು. ಅಷ್ಟರಲ್ಲಿ ಸ್ವರ ಒಡೆದು, ರಾಣಿಯ ಬದಲು ಹಳೆಯ ಬಾಗಿಲು ಮಾತಾಡಿದಂತೆ ಕೇಳತೊಡಗಿತು. ಶಿರಸಿಯ ಗಂಟಲು ಡಾಕ್ಟರು ಒಳಗೆಲ್ಲ ನೋಡಿ ಹೇಳಿದರು: “ಧ್ವನಿತಂತುವಿನ ಮೇಲೆ ಸಣ್ಣ ಗಂಟಿದೆ. ಎರಡು ವಾರ ಒಂದು ಮಾತೂ ಆಡಬೇಡಿ. ಪಿಸುಮಾತೂ ಬೇಡ. ಅಷ್ಟಕ್ಕೂ ಕಡಿಮೆಯಾಗದಿದ್ದರೆ ಆಪರೇಷನ್ ಯೋಚಿಸೋಣ.”

ನಾನು ಹೆದರಿದೆ. ಆಪರೇಷನ್ನಿಗಿಂತ ಹೆಚ್ಚಾಗಿ, ಆ ಎರಡು ವಾರಕ್ಕೆ.

ಹಿಂದಿನ ಋಷಿಗಳು ವರ್ಷಗಟ್ಟಲೆ ಮೌನ ಹಿಡಿಯುತ್ತಿದ್ದರಂತೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಪರ್ಣಕುಟಿಯಲ್ಲಿ ಹಾಲಿನವಳು ಇರಲಿಲ್ಲ, ಕತ್ತಲಾದರೆ ದೀಪ ಹಚ್ಚಲು ಇಂಗ್ಲಿಷಿನಲ್ಲಿ ಬೇಡಿಕೊಳ್ಳಬೇಕಾಗಿರಲಿಲ್ಲ. ಮೊದಲ ಸಂಜೆ ನಮ್ಮ ಯಜಮಾನರೇ ಆ ಕೆಲಸಕ್ಕೆ ನಿಂತರು. ಅವರ ಗೊಣಗು ಹಾಲಿನವಳಿಗೆ ತಿಳಿಯಲಿಲ್ಲ. ಕೊನೆಗೆ ಹಗ್ಗ ಹರಿದ ಆಕಳನ್ನು ಸಮಾಧಾನಪಡಿಸುವ ದನಿಯಲ್ಲಿ “ಬಾ ಬಾ, ಹೆದರಡ, ಎಂತ ಮಾಡ್ತ್ನಿಲ್ಲೆ” ಎಂದು ಅದರ ನೆತ್ತಿ ಸವರಿದರು. ಅತ್ತೆ ಎದ್ದು ಹೋಗಿ ದೇವರ ಮುಂದಿನ ನಂದಾದೀಪವನ್ನೇ ತಂದು ಹಾಲ್‌ನಲ್ಲಿಟ್ಟರು.

ಮರುದಿನ ನನಗೊಂದು ಉಪಾಯ ಹೊಳೆಯಿತು. ಫೋನಿನಲ್ಲಿ ಯಾವ ಭಾಷೆಯಲ್ಲಿ ಬರೆದರೂ ಫೋನಿನವಳು ಅದನ್ನು ಗಟ್ಟಿಯಾಗಿ ಓದುತ್ತಾಳಲ್ಲ! ದೀಪ ಹಾಕು ಎಂದು ಇಂಗ್ಲಿಷಿನಲ್ಲಿ ಬರೆದು, ಫೋನನ್ನು ಹಾಲಿನವಳ ಮುಂದೆ ಹಿಡಿದೆ. ಫೋನಿನವಳು ಹೇಳಿದಳು, ಹಾಲಿನವಳು ಕೇಳಿದಳು, ದೀಪ ಹತ್ತಿತು. ಅಡುಗೆಮನೆಯವಳಿಗೆ ಹಿಂದಿಯಲ್ಲಿ ಬರೆದೆ. ಅವಳೂ ವಿಧೇಯಳಾದಳು. ಜಗಳವಾಡಿಕೊಂಡ ವಾರಗಿತ್ತಿಯರು ಮೂರನೆಯವರ ಮೂಲಕ “ಉಪ್ಪು ಕೊಡಲು ಹೇಳು” ಎಂದು ಮಾತಾಡುವಂತೆ ನಮ್ಮ ಮನೆಯ ಆಡಳಿತ ಮತ್ತೆ ಶುರುವಾಯಿತು.

ತೊಂದರೆಯಾದದ್ದು ಮನುಷ್ಯರ ಜೊತೆ. ಊಟಕ್ಕೆ ಕರೆಯಲೆಂದು ಬರೆದರೆ ಫೋನಿನವಳು “ಅತ್ತೆಯವರೇ, ದಯವಿಟ್ಟು ಭೋಜನಕ್ಕೆ ಆಗಮಿಸಿ” ಎಂದು ವಾರ್ತೆ ಓದಿದಂತೆ ಓದಿದಳು. ಬರೆಯಲು ಕುಳಿತರೆ ನನಗೂ ಗ್ರಾಂಥಿಕವೇ ಬರುತ್ತಿತ್ತೆನ್ನಿ. ಅತ್ತೆಯ ಮುಖ ಚಿಕ್ಕದಾಯಿತು. “ಎಂತಕೆ ಈ ನಮನಿ ಮರ್ಯಾದೆ? ಎನ್ನ ಮೇಲೆ ಸಿಟ್ಟು ಬಂತಾ?” ಎಂದರು. ನಾನು ಕೈ ಹಿಡಿದು ಎಳೆದುಕೊಂಡು ಹೋಗಿ ಬಾಳೆಲೆಯ ಮುಂದೆ ಕೂರಿಸಿದ ಮೇಲೆಯೇ ಅವರಿಗೆ ಸಮಾಧಾನ.

ಇನ್ನೊಂದು ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋಗಿದ್ದಾಗ ಅವರ ಮೊಬೈಲು ಬಡಿದುಕೊಂಡಿತು. ಎತ್ತಿದೆ. ಕಿರವತ್ತಿ ಕಡೆಯ ರೈತ. “ಡಾಕ್ಟರ್ರೀ, ನಮ್ಮ ಎಮ್ಮಿ ಮೇವು ಮುಟ್ಟವಲ್ದು, ಲಗೂ ಬರ್ರಿ” ಎಂದ. ನಾನು ಗಡಿಬಿಡಿಯಲ್ಲಿ ನನ್ನ ಫೋನಿನಲ್ಲಿ ಬರೆದು ಅವರ ಮೊಬೈಲಿನ ಬಾಯಿಗೆ ಹಿಡಿದೆ. “ವೈದ್ಯರು ಸ್ನಾನ ಮಾಡುತ್ತಿದ್ದಾರೆ. ದಯವಿಟ್ಟು ನಿರೀಕ್ಷಿಸಿ” ಎಂದಳು ಫೋನಿನವಳು. ಆಮೇಲೆ ಆತ ಬಹಳ ವಿನಯದಿಂದ ಕೇಳಿದ: “ಎಮ್ಮಿಗೆ ಯಾವ ನಂಬರ್ ಒತ್ತಬೇಕ್ರಿ?”

ಇಷ್ಟೆಲ್ಲ ನಗೆಪಾಟಲಿನ ನಡುವೆಯೂ ಒಳಗೊಳಗೆ ಹೆದರಿಕೆ ಇದ್ದೇ ಇತ್ತು. ಸ್ವರ ಬಾರದೇ ಹೋದರೆ? ತಂಡದ ಶೈಲಕ್ಕ, “ಬೇರೆಯವ್ರಿಗೆ ಪಾತ್ರ ಕೊಡ್ತ್ನಿಲ್ಲೆ, ನೀ ತಯಾರಿ ಮಾಡ್ಕ್ಯ” ಎಂದು ಸಂದೇಶ ಕಳಿಸಿದ್ದರು. ಬಾಯಿಲ್ಲದೆ ಮಾತಿನ ತಯಾರಿ ಹೇಗೆ? ಒಂದು ಸಂಜೆ ಹಾಲ್‌ನಲ್ಲಿ ಕುಳಿತು ರಾಣಿಯ ಮಾತುಗಳನ್ನು ಬರೆದು ಫೋನಿನವಳಿಂದ ಹೇಳಿಸಿದೆ. “ದೂತನೇ, ನಿನ್ನ ಒಡೆಯನ ಮಾತಿನಲ್ಲಿ ಜೇನೂ ಇದೆ, ಜೇನುಹುಳುವೂ ಇದೆ.” ಆಶ್ಚರ್ಯ! ಊಟಕ್ಕೆ ಕರೆಯುವಾಗ ಹಾಸ್ಯಾಸ್ಪದವಾಗಿದ್ದ ಆ ಗ್ರಾಂಥಿಕ ಕನ್ನಡ ರಾಣಿಗೆ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ವಾದಕ್ಕೆ ಎದುರಾಳಿ ಬೇಕಲ್ಲ. ಪಕ್ಕದಲ್ಲಿ ಬೂಟಿನ ಸಗಣಿ ಕೆರೆಯುತ್ತಿದ್ದ ಯಜಮಾನರತ್ತ ಕೈ ತೋರಿಸಿದೆ, ನೀವೇ ದೂತ ಎಂದು.

“ಹೂಂ” ಎಂದರು.

“ದೂತ ಹೂಂ ಹೇಳಿರೆ ಕತೆ ಅಲ್ಲೇ ಮುಗದೋತು. ಎಂತಾರೂ ಮಾತಾಡೋ ತಮಾ” ಎಂದರು ಅತ್ತೆ.

ಅವರು ಬೂಟು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, ಆದರೆ ಕೂಟದ ಭಾಷೆಯಲ್ಲೇ ಶುರುಮಾಡಿದರು: “ರಾಣಿ, ಕೆಟ್ಟ ಸುದ್ದಿ ಹೊತ್ತು ಬರುವವನ ಕಷ್ಟ ನಿನಗೆ ತಿಳಿಯದು. ಅಂಗಳಕ್ಕೆ ಕಾಲಿಡುವಾಗಲೇ ಮನೆಯವರೆಲ್ಲ ನನ್ನ ಮುಖ ನೋಡುತ್ತಾರೆ. ಉಳಿಸುವ ಶಕ್ತಿ ನನ್ನಲ್ಲಿಲ್ಲ. ಇರುವುದು ಒಂದು ಮಾತು. ಅದನ್ನು ಎಷ್ಟು ಮೆತ್ತಗೆ ಇಳಿಸಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಿದ್ದೇನೆ. ಹೇಳಿ ಮುಗಿಸಿ ಮನೆಗೆ ಹೋದ ಮೇಲೆ ಮತ್ತೆ ಮಾತಾಡುವ ತ್ರಾಣ ಉಳಿಯುವುದಿಲ್ಲ.”

ಇದು ಯಾವ ದೂತನ ಮಾತೂ ಅಲ್ಲ ಎಂದು ನನಗೆ ತಿಳಿಯಿತು. ಕೊಟ್ಟಿಗೆಯಲ್ಲಿ ಆಸೆ ಬಿಟ್ಟ ಆಕಳ ಪಕ್ಕದಲ್ಲಿ ನಿಂತ ಡಾಕ್ಟರ ಮಾತು ಅದು. ಇಷ್ಟು ವರ್ಷ ಸಂಜೆ ಮನೆಗೆ ಬಂದು ‘ಹೂಂ’ ಎನ್ನುತ್ತಿದ್ದವರ ಹೂಂಕಾರದ ಹಿಂದೆ ಏನಿತ್ತೆಂದು ಕೇಳುವಷ್ಟು ಹೊತ್ತು ನಾನು ಮಾತು ನಿಲ್ಲಿಸಿರಲೇ ಇಲ್ಲ. ಗಂಟಲಿನವರೆಗೂ ಮಾತು ಬಂತು. ಇನ್ನೇನು ವ್ರತ ಮುರಿಯಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಹಿಂದಿಯಲ್ಲಿ ಕೇಳಿಬಂತು: “ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ.” ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು, ದೂತನೂ ನಕ್ಕ, ನಾನು ಗಂಟಲು ಹಿಡಿದುಕೊಂಡು ಸದ್ದಿಲ್ಲದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆಮೇಲೆ ಸಂಜೆಗಳ ರೀತಿಯೇ ಬದಲಾಯಿತು. ಅವರು ಬಂದು ಕಾಲು ತೊಳೆದವರೇ “ರಾಣಿ, ಶುರು ಮಾಡನನ?” ಎನ್ನುತ್ತಿದ್ದರು. ದೂತನ ನೆಪದಲ್ಲಿ ಎಲ್ಲೆಲ್ಲಿಯ ಸುದ್ದಿಯೋ ಬರುತ್ತಿತ್ತು. ನನ್ನ ಟೈಪಿಂಗ್ ನಿಧಾನ. ಹಾಗಾಗಿ ಅವರ ಮಾತಿನ ನಡುವೆ ಬಾಯಿ ಹಾಕುವ ಸೌಕರ್ಯ ನನಗಿರಲಿಲ್ಲ.

ಸಿದ್ದಾಪುರದ ಕೂಟ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನಿಮ್ಮ ಮನಸ್ಸು ಅಲ್ಲೇ ಇರುತ್ತದೆ. ಚೆನ್ನಾಗಿಯೇ ಆಯಿತು. ಸ್ವರ ಹಿತಮಿತವಾಗಿ ಬಂತು. ಎಡವಟ್ಟಾದದ್ದು ಒಂದೇ. ನಾನು ಮಾತು ತೆಗೆದರೆ ಬೇಗ ಮುಗಿಯುವುದಿಲ್ಲ ಎಂಬ ಭರವಸೆಯಲ್ಲಿ ಮದ್ದಲೆಯವರು ಚಹಾ ಕುಡಿಯಲು ಎದ್ದು ಹೋಗಿದ್ದರು. ಈ ಸಲ ನಾನು ಬೇಗ ಮುಗಿಸಿಬಿಟ್ಟೆ. ಭಾಗವತರು ಪದ ಎತ್ತಿದಾಗ ಮದ್ದಲೆ ನುಡಿಸಲು ಯಾರೂ ಇರಲಿಲ್ಲ. ಶೈಲಕ್ಕ ಇನ್ನೂ ಹೇಳಿಕೊಂಡು ನಗುತ್ತಾರೆ.

ಆದರೆ ನನಗೆ ಹೆಚ್ಚು ನೆನಪಾಗುವುದು ಕೂಟಕ್ಕಿಂತ ಮೊದಲಿನ ಒಂದು ಮಧ್ಯಾಹ್ನ. ಎರಡು ವಾರ ಮುಗಿದು ಶಿರಸಿಗೆ ತೋರಿಸಲು ಹೋಗಿದ್ದೆವು. ಡಾಕ್ಟರು ನೋಡಿ, “ಗಂಟು ಕರಗಿದೆ. ಇನ್ನು ಮೆಲ್ಲಗೆ ಮಾತಾಡಬಹುದು” ಎಂದರು. ಕಾರು ಹತ್ತಿದೆವು. ಎರಡು ವಾರದಿಂದ ಕೂಡಿಟ್ಟ ಮಾತು ನನ್ನಲ್ಲಿ ಭತ್ತದ ಒಂದು ಪಣತ ತುಂಬುವಷ್ಟಿತ್ತು. ಊರು ದಾಟುವ ಮೊದಲೇ ಅವರು ಶುರುಮಾಡಿದರು. ಡಾಕ್ಟರ ಕೊಠಡಿಯ ಹೊರಗೆ ಕೂತಾಗ ತಮಗೆ ಎಷ್ಟು ಹೆದರಿಕೆಯಾಗಿತ್ತೆಂದು ಹೇಳಿದರು. ಅಲ್ಲಿಂದ ಮಾತು ಎಲ್ಲೆಲ್ಲೋ ಹೋಗಿ, ಮಂಚಿಕೇರಿ ಹತ್ತಿರ ಬಂದಾಗ ರಸ್ತೆ ಬದಿಯ ಒಂದು ಮಾವಿನ ಮರ ತೋರಿಸಿದರು.

“ಕೆಲ್ಸಕ್ಕೆ ಸೇರಿದ ಹೊಸತ್ರಲ್ಲಿ ಒಂದು ಎಮ್ಮೆ ಎನ್ನ ಅಟ್ಟಿಸ್ಗ್ಯಂಡು ಬಂದು, ಆನು ಇದೇ ಮರ ಹತ್ತಿ ಕೂತಿದ್ದಿ. ಯಾರಿಗೂ ಹೇಳಿದ್ನಿಲ್ಲೆ.”

ಹೇಳಿ ಒಮ್ಮೆ ನನ್ನ ಕಡೆ ನೋಡಿದರು. “ಎಂತಕೆ ಸುಮ್ನೆ ಕೂತ್ಯೆ? ಮಾತಾಡ್ಲಕ್ಕು ಹೇಳಿದ್ವಲೆ ಡಾಕ್ಟ್ರು?”

ನಾನು ಗಂಟಲು ಸರಿಮಾಡಿಕೊಂಡೆ. ಎರಡು ವಾರದ ನಂತರದ ನನ್ನ ಮೊದಲ ಮಾತು ಹೊರಬಂತು, ಮೆಲ್ಲಗೆ, ಡಾಕ್ಟರು ಹೇಳಿದಂತೆಯೇ.

“ಆಮೇಲೆ?” ಎಂದೆ.