ಹತ್ತಡಿ ಸರಿಸಿದ ಗಾಡಿ

ಬೀದಿಯವರೆಲ್ಲ ಅವನನ್ನು ತಿರುಗಣಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಅವನ ಸ್ವಂತ ಅಣ್ಣ. ಇಬ್ಬರದೂ ಒಂದೇ ಗ್ಯಾರೇಜು. ಮುಂದೆ ಅಂಗಳ, ಹಿಂದೆ ಮನೆ. ವ್ಯಾನು, ಸ್ಕೂಟರು, ಬಾಗಿಲಿಗೆ ಬಂದದ್ದೆಲ್ಲವನ್ನೂ ಅಣ್ಣ ರಿಪೇರಿ ಮಾಡುತ್ತಿದ್ದ. ತಮ್ಮ ಮಾತ್ರ ರೋಟರಿ ಎಂಜಿನ್ ಬಿಟ್ಟು ಬೇರೇನನ್ನೂ ಮುಟ್ಟುವವನಲ್ಲ. ಅಂಥ ಗಾಡಿ ಇಟ್ಟುಕೊಂಡವರು ಸಾವಿರಕ್ಕೊಬ್ಬರು, ಆದರೆ ಆ ಹುಚ್ಚರೆಲ್ಲ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದಿರೋ, ಮುಗಿಯಿತು ನಿಮ್ಮ ಕತೆ. "ಬೇರೆ ಎಂಜಿನ್ನಲ್ಲಿ ಪಿಸ್ಟನ್ ಮೇಲೆ ಹೋಗುತ್ತೆ, ನಿಲ್ಲುತ್ತೆ, ಕೆಳಗೆ ಬರುತ್ತೆ, ಮತ್ತೆ ನಿಲ್ಲುತ್ತೆ. ಬರೀ ಒದ್ದಾಟ! ಇದು ನೋಡಿ, ಮೂರು ಮೂಲೆಯ ತುಂಡು, ತನ್ನ ಪಾಡಿಗೆ ಸುತ್ತುತ್ತೆ. ನಿಲ್ಲೋ ಮಾತೇ ಇಲ್ಲ." ರೇಸಿನಲ್ಲಿ ಉಳಿದ ಗಾಡಿಗಳು ಏದುಸಿರು ಬಿಡುವ ಹೊತ್ತಿಗೆ ಇದಕ್ಕೆ ಆಗಷ್ಟೇ ಹುರುಪು ಬಂದಿರುತ್ತದೆ. ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತದೆ, ಆಯಿಲ್ ಸುಡುತ್ತದೆ, ಮೂಲೆಯ ಸೀಲುಗಳು ಬೇಗ ಸವೆಯುತ್ತವೆ. ಅದನ್ನೂ ಅವನು ಮುದ್ದಿನ ಮಗಳ ಹಟ ಹೇಳಿಕೊಳ್ಳುವಂತೆ ನಗುತ್ತಲೇ ಹೇಳುತ್ತಿದ್ದ. ಒಂದು ಮಾತು ಮಾತ್ರ ಬೆರಳೆತ್ತಿ ಹೇಳುತ್ತಿದ್ದ: "ತಣ್ಣಗಿರೋ ಎಂಜಿನ್ ಶುರು ಮಾಡಿದ್ರೆ ಬಿಸಿಯಾಗೋವರೆಗೂ ಆರಿಸಬಾರದು. ಆರಿಸಿದ್ರೆ ಒಳಗೆ ಪೆಟ್ರೋಲ್ ತುಂಬಿ ಉಸಿರು ಕಟ್ಟಿಹೋಗುತ್ತೆ."

ಇದನ್ನು ಅವನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದ್ದು ಅಣ್ಣನಿಗೆ. ಮೂವತ್ತೊಂದು ವರ್ಷ, ಊಟಕ್ಕೆ ಕೂತಾಗೆಲ್ಲ. ಅಣ್ಣ ತಟ್ಟೆ ನೋಡುತ್ತ ಹೂಂಗುಟ್ಟುತ್ತಿದ್ದ.

ಅಷ್ಟೂ ವರ್ಷ ಅವನ ಎಂಜಿನ್ನುಗಳನ್ನು ರೇಸಿನಲ್ಲಿ ಓಡಿಸಿ ಟ್ರೋಫಿ ಹೊತ್ತುಕೊಂಡು ಹೋದವರು ಬೇರೆಯವರು. ಇವನ ಹೆಸರು ಹೇಳಲಿಕ್ಕೂ ಅವರಿಗೆ ಬಾಯಿ ಬರಲಿಲ್ಲ! ಕೊನೆಗೆ ಗುಜರಿಯಲ್ಲಿ ಸಿಕ್ಕ ಗಾಡಿಯೊಂದನ್ನು ಆರು ವರ್ಷ ಕೂತು ತಾನೇ ಕಟ್ಟಿದ. ಅರವತ್ತು ತುಂಬಿದವರಿಗೆ ರೇಸಿನ ಲೈಸೆನ್ಸ್ ಇಲ್ಲ. ಅವನಿಗೆ ಮುಂದಿನ ತಿಂಗಳೇ ಅರವತ್ತು. ಆ ಭಾನುವಾರದ ರೇಸೇ ಅವನಿಗೆ ಮೊದಲನೆಯದು, ಕೊನೆಯದೂ ಕೂಡ. ಒಂಬತ್ತಕ್ಕೆ ಮೈದಾನದ ಗೇಟು ಮುಚ್ಚುತ್ತಿತ್ತು. ಅಲ್ಲಿಗೆ ಒಂದು ಗಂಟೆಯ ದಾರಿ.

ಭಾನುವಾರ ಏಳಕ್ಕೆ ಸ್ನಾನ ಮುಗಿಸಿ ಹೊರಗೆ ಬಂದವನು ಹಾಗೇ ನಿಂತುಬಿಟ್ಟ. ಗಾಡಿ ಅಂಗಳದ ಆಚೆ ಬದಿಯಲ್ಲಿತ್ತು.

"ಗಾಡಿ ಯಾರು ತೆಗೆದದ್ದು?"

"ನಾನೇ ಕಣೋ," ಎಂದ ಅಣ್ಣ, ಹಲ್ಲುಜ್ಜುತ್ತ. "ವ್ಯಾನಿನವನಿಗೆ ಹೊರಗೆ ಹೋಗಬೇಕಿತ್ತು. ಹತ್ತಡಿ ಸರಿಸಿ ಆರಿಸಿದೆ. ಕೀಲಿ ಅಲ್ಲೇ ಇದೆ ನೋಡು."

ಗಾಡಿ ಶುರುವಾಗಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದು ತೊಟ್ಟಿಕ್ಕುತ್ತಿದ್ದವು. ಒರೆಸಿದ, ಒಣಗಿಸಿದ, ಒಳಗಿದ್ದದ್ದನ್ನು ಹೊರಗೆ ಹಾಕಲು ಸೆಲ್ಫ್ ಹೊಡೆದ. ಹೊಡೆದು ಹೊಡೆದು ಬ್ಯಾಟರಿ ಸತ್ತಿತು. ಬೇರೆ ಬ್ಯಾಟರಿ ಹುಡುಕಿ ತರುವಷ್ಟರಲ್ಲಿ ಎಂಟೂವರೆ.

ಹೆಂಡತಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಹೊಟ್ಟೆಕಿಚ್ಚು ರೀ. ನಿಮ್ಮಣ್ಣ ಬೇಕಂತಲೇ ಮಾಡಿದ್ದಾರೆ."

ಅವನಿಗೂ ಹಾಗೇ ಅನಿಸಿತು. ಇಷ್ಟು ವರ್ಷ ಕೇಳಿಸಿಕೊಂಡವನು ತಿಳಿಯದೆ ಮಾಡುತ್ತಾನೆಯೇ? ಕೈ ಪ್ಲಗ್ಗು ತಿರುಗಿಸುತ್ತಿದ್ದರೂ ಮನಸ್ಸು ಅಣ್ಣನ ಕುತ್ತಿಗೆ ಹಿಡಿದಿತ್ತು.

ಒಂಬತ್ತೂ ಮುಕ್ಕಾಲಿಗೆ ಎಂಜಿನ್ ಹೊಗೆ ಕಾರಿ ಎದ್ದಿತು. ಎಷ್ಟು ಚೆಂದ ತಿರುಗುತ್ತಿತ್ತೆಂದರೆ, ಅವನಿಗೆ ಅಳು ಬಂತು.

"ಶುರುವಾಯ್ತಲ್ಲ! ಮತ್ಯಾಕೆ ಮುಖ ಗಂಟು ಹಾಕ್ಕೊಂಡಿದ್ದೀಯ?" ಎಂದ ಅಣ್ಣ.

"ಗೇಟು ಮುಚ್ಚಿ ಮುಕ್ಕಾಲು ಗಂಟೆಯಾಯ್ತು. ನೀನು ಬೇಕಂತಲೇ ಮಾಡಿದ್ದು ತಾನೆ? ಹೌದು ಅಂದ್ಬಿಡು. ಬೈಯಲ್ಲ."

ಅಣ್ಣ ಕಕ್ಕಾಬಿಕ್ಕಿಯಾದ. "ಅಯ್ಯೋ! ಹತ್ತಡಿ ಸರಿಸಿದ್ರೆ ಕೆಡುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ? ಇಂಥದ್ದನ್ನ ಮುಂಚೆನೇ ಒಂದು ಮಾತು ಹೇಳಬಾರದೇನೋ?"

ತಮ್ಮ ಆ ಮುಖವನ್ನೇ ನೋಡಿದ. ಹುಟ್ಟಿದಂದಿನಿಂದ ಕಂಡ ಮುಖ; ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು. ಅಣ್ಣ ಸುಳ್ಳು ಹೇಳುತ್ತಿರಲಿಲ್ಲ.

"ನಾನು ಹೇಳಿಲ್ವಾ?"

"ಹೇಳಿರಬಹುದಪ್ಪ. ನಿನ್ನ ಆ ಪುರಾಣ ಶುರುವಾದ್ರೆ ನಾನು ಬೇರೇನೋ ಯೋಚನೆ ಮಾಡ್ತಿರ್ತೀನಿ. ಯಾರು ಕೇಳ್ತಾರೆ ಅದನ್ನ?" ಅಣ್ಣ ನಕ್ಕು, ಬೆನ್ನು ತಟ್ಟಿ, "ಹೋಗ್ಲಿ ಬಿಡು, ತಿಂಡಿ ಆರಿಹೋಗುತ್ತೆ, ಬಾ," ಎಂದು ಒಳಗೆ ನಡೆದ.

ಹೆಂಡತಿ ಓಡಿ ಬಂದಳು. "ಒಪ್ಕೊಂಡ್ರಾ?"

"ಇಲ್ಲ ಕಣೇ," ಎಂದ ಅವನು. "ಹೊಟ್ಟೆಕಿಚ್ಚಾದ್ರೂ ಇದ್ದಿದ್ರೆ ಚೆನ್ನಾಗಿತ್ತು."