ಎರಡು ಲೋಟ ಪಾಯಸದ ಸಾಕ್ಷ್ಯ

ಈ ಪ್ರಕರಣದಲ್ಲಿ ನನಗೆ ಆದ ಖರ್ಚು ಇಷ್ಟು: ಒಂದು ಬೆಳಗಿನ ಕೆಲಸ, ಒಂದು ಮೂತ್ರ ಪರೀಕ್ಷೆಯ ಶುಲ್ಕ, ಮತ್ತು ಮನುಷ್ಯರನ್ನು ಮುಖ ನೋಡಿಯೇ ಅಳೆಯಬಲ್ಲೆನೆಂಬ ಜಂಭ. ಮೊದಲೆರಡನ್ನು ನಾನೇ ಇಷ್ಟಪಟ್ಟು ಕೊಟ್ಟೆ. ಮೂರನೆಯದನ್ನು ಒಬ್ಬ ತಾಯಿ ಕಿತ್ತುಕೊಂಡರು.

2013ನೇ ಇಸವಿ. ಕೋರ್ಟಿನ ಗೇಟಿನ ಎದುರು ಟೈಪಿಸ್ಟನಾಗಿದ್ದು, ಸಂಜೆ ಕಾಲೇಜಿನಲ್ಲಿ ಓದಿ ವಕೀಲನಾದವನು ನಾನು. ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮೇಲೆ ನನ್ನ ಕಚೇರಿ. ಕಕ್ಷಿದಾರ ರಮೇಶ ಅಬ್ಬಿಗೆರೆಯವನು, ಲಿಫ್ಟ್ ಮೆಕ್ಯಾನಿಕ್. ಬ್ರೌನ್ ಶುಗರ್ ಸೇದುತ್ತಿದ್ದಾಗಲೇ ಸಿಕ್ಕಿಬಿದ್ದಿದ್ದ. ಒಂದು ವರ್ಷದವರೆಗೆ ಜೈಲಾಗಬಹುದಿತ್ತು. ಆದರೆ ಮಾದಕ ದ್ರವ್ಯ ಕಾಯ್ದೆಯ 39ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, ಅವನು ಒಪ್ಪಿದರೆ ಶಿಕ್ಷೆ ವಿಧಿಸದೆ ಚಿಕಿತ್ಸೆಗೆ ಕಳಿಸಬಹುದು. ಇನ್ನು ಮುಟ್ಟುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು, ವರ್ಷದೊಳಗೆ ಆಸ್ಪತ್ರೆಯ ವರದಿ ಸಲ್ಲಿಸಬೇಕು, ತಪ್ಪಿದರೆ ಶಿಕ್ಷೆಯೇ. ನಾನು ವಾದಿಸಿ ಅದನ್ನು ಕೊಡಿಸಿದೆ. ಹೆಬ್ಬಾಳದ ಕಡೆಯ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ, ತಿಂಗಳಿಗೊಂದು ಮೂತ್ರ ಪರೀಕ್ಷೆ.

ಒಂಬತ್ತು ವರದಿಗಳು ಚೊಕ್ಕವಾಗಿ ಬಂದವು. ಹತ್ತನೆಯದರಲ್ಲಿ ಮಾರ್ಫಿನ್ ಅಂಶ ಕಂಡಿತು, ಬ್ರೌನ್ ಶುಗರ್ ಸೇದಿದವರ ಮೂತ್ರದಲ್ಲಿ ಸಿಗುವಂಥದ್ದು.

ಆಸ್ಪತ್ರೆಯಿಂದ ಫೋನ್ ಬಂದ ಸಂಜೆಯೇ ರಮೇಶ ತಾಯಿ ಗೌರಮ್ಮನವರೊಂದಿಗೆ ಕಚೇರಿಗೆ ಬಂದ. ನಾನು ಕೂರಲೂ ಹೇಳಲಿಲ್ಲ.

"ಎಷ್ಟ್ ಸೇದಿದೆ? ನಿಜ ಹೇಳು. ಜಡ್ಜ್ ಮುಂದೆ ತಪ್ಪು ಒಪ್ಕೊಂಡ್ರೆ ಜೈಲಲ್ಲಿ ಒಂದೆರಡು ತಿಂಗಳಾದ್ರೂ ಕಮ್ಮಿ ಮಾಡಿಸ್ತೀನಿ."

"ಮುಟ್ಟಿಲ್ಲ ಸಾರ್."

"ಎಲ್ರೂ ಇದೇ ಹೇಳೋದು ಕಣೋ."

"ನೀವೇ ನಂಬ್ದಿದ್ರೆ ಜಡ್ಜ್ ಯಾಕ್ ನಂಬ್ತಾರೆ ಬಿಡಿ," ಎಂದು ತಿರುಗಿ ಹೊರಟ.

ಗೌರಮ್ಮ ಅವನ ಅಂಗಿ ಹಿಡಿದು ನಿಲ್ಲಿಸಿದರು. "ಸಾ, ನೆನ್ನೆ ಇಡೀ ದಿನ ನನ್ ಕಣ್ ಮುಂದೇನೇ ಇದ್ದ. ಅತ್ತು ತಿಂಗ್ಳು ತುಂಬ್ತು ಅಂತ ಮನೆದೇವ್ರಿಗೆ ಪೂಜೆ ಮಾಡಿದ್ವಿ. ಉಂಡ, ಎರಡು ಲೋಟ ಪಾಯ್ಸ ಕುಡ್ದ, ಮನೀಕಂಡ. ಬೆಳಿಗ್ಗೆ ಸೀದಾ ಆಸ್ಪತ್ರೆಗೆ ಓದ."

"ಯಾವ ಪಾಯಸ?"

"ಗಸಗಸೆದು. ನಿಮ್ಗೂ ತಂದಿವ್ನಿ ನೋಡಿ," ಎಂದು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

ನಾನು ಡಬ್ಬಿಯನ್ನೇ ನೋಡುತ್ತ ಕುಳಿತೆ. ಗಸಗಸೆ ಎಂದರೆ ಅಫೀಮು ಗಿಡದ ಬೀಜ. ಮಾರ್ಫಿನ್ ಇರುವ ಕಾಯಿಯ ಹಾಲಿನ ಲೇಶ ಬೀಜಕ್ಕೂ ಅಂಟಿರುತ್ತದೆ. ಮಾದಕ ದ್ರವ್ಯದ ಕೇಸು ನಡೆಸುವ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ನಿನ್ನೆ ಏನು ತಿಂದೆ ಎಂದು ಆ ಹುಡುಗನನ್ನು ಕೇಳಿರಲಿಲ್ಲ.

ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಪಾಯಸದ ವಿಷಯ ಹೇಳಿದೆ. "ಸಾಧ್ಯ ಇದೆ," ಎಂದರು ಆಕೆ. "ಆದ್ರೆ ಸಾಧ್ಯ ಇದೆ ಅಂದ್ಬಿಟ್ರೆ ಸಾಬೀತಾಗಲ್ಲ ಲಾಯರೇ."

"ಹಂಗಾದ್ರೆ ನಾನೇ ಕುಡೀತೀನಿ. ಬೆಳಿಗ್ಗೆ ನನ್ನದೂ ಟೆಸ್ಟ್ ಮಾಡಿ. ಏನೂ ಬರ್ಲಿಲ್ಲ ಅಂದ್ರೆ ನನ್ ಬಾಯಿ ಬಂದ್."

ಡಾಕ್ಟರು ನಕ್ಕರು, ಒಪ್ಪಿದರು. ಅಂದು ರಾತ್ರಿಯ ಊಟಕ್ಕೆ ಡಬ್ಬಿ ಖಾಲಿಯಾಯಿತು, ಲೆಕ್ಕವಾಗಿ ಎರಡು ಲೋಟ. ಜೀವಮಾನದಲ್ಲಿ ಬೀಡಿಯನ್ನೂ ಮುಟ್ಟದ ನನ್ನ ಮೂತ್ರದಲ್ಲಿ ಮರುದಿನ ಮಾರ್ಫಿನ್ ಅಂಶ ಕಂಡಿತು. ಆ ಫಲಿತಾಂಶವನ್ನು ಚಿನ್ನದ ಸರದಂತೆ ಜೋಪಾನವಾಗಿ ಹಿಡಿದು ತಂದೆ.

ವಿಚಾರಣೆಯ ದಿನ ಸರ್ಕಾರಿ ವಕೀಲರು ಬಿಡಲಿಲ್ಲ. "ಏನ್ ಸ್ವಾಮಿ, ಈಗ ಪಾಯಸಕ್ಕೂ ವಕಾಲತ್ತು ಹಾಕಿದ್ದೀರಾ?"

"ಹೂಂ ಸರ್. ಫೀಸ್ ಮೊದಲೇ ಕುಡಿದಾಗಿದೆ."

ನ್ಯಾಯಾಧೀಶರು ಕನ್ನಡಕ ತೆಗೆದರು. "ವಕೀಲರ ಮೂತ್ರ ದಾಖಲೆಗೆ ಬೇಡ. ಡಾಕ್ಟರ ಪತ್ರ ಕೊಡಿ." ಗಸಗಸೆಯಿಂದ ಹೀಗಾಗಬಹುದು, ಇದೊಂದೇ ವರದಿಯಿಂದ ವ್ಯಸನ ಮರುಕಳಿಸಿದೆ ಎನ್ನಲಾಗದು ಎಂದು ಡಾಕ್ಟರು ಬರೆದಿದ್ದರು. ನ್ಯಾಯಾಧೀಶರು ಅದನ್ನು ಎರಡು ಬಾರಿ ಓದಿದರು. ಉಳಿದ ಎರಡು ತಿಂಗಳು ವಾರಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ ಕರೆದಾಗ ಪರೀಕ್ಷೆಗೆ ಹಾಜರಾಗಬೇಕು ಎಂದು ಆದೇಶಿಸಿ, ಹಿಂದೆ ನಿಂತಿದ್ದ ಗೌರಮ್ಮನವರನ್ನು ನೋಡಿ, "ಅಮ್ಮಾ, ಅಲ್ಲಿವರೆಗೂ ಶಾವಿಗೆ ಪಾಯಸ ಮಾಡಿ," ಎಂದರು.

ಮುಂದಿನ ಪರೀಕ್ಷೆಗಳಲ್ಲಿ ಒಂದರಲ್ಲೂ ಏನೂ ಸಿಗಲಿಲ್ಲ. ವರ್ಷ ತುಂಬಿದಾಗ ರಮೇಶನಿಗೆ ಎಚ್ಚರಿಕೆ ನೀಡಿ, ಹೊಸ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಿದರು. ನಗುವ ವಿಷಯವನ್ನು ನಗುತ್ತಲೇ ಗಂಭೀರವಾಗಿ ತೆಗೆದುಕೊಂಡ ಆ ಡಾಕ್ಟರಿಗೂ ಆ ನ್ಯಾಯಾಧೀಶರಿಗೂ ನಾನು ಋಣಿ. ಮಗನ ಅಂಗಿ ಬಿಡದ ಗೌರಮ್ಮನವರಿಗೆ ಇನ್ನೂ ಹೆಚ್ಚು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಚಿಕಿತ್ಸೆಯಲ್ಲಿದ್ದರೆ ಗಸಗಸೆ ಡಬ್ಬಿಯನ್ನು ಅಡುಗೆಮನೆಯಿಂದಲೇ ಆಚೆ ಕಳಿಸಿ. ಕೆಮ್ಮಿನ ಔಷಧಿ, ನೋವಿನ ಮಾತ್ರೆ ಯಾವುದನ್ನೇ ಆಗಲಿ ಡಾಕ್ಟರನ್ನು ಕೇಳಿಯೇ ಕೊಡಿ. ಪರೀಕ್ಷೆಗೆ ಮುಂಚೆ ತಿಂದದ್ದನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ವರದಿ ಕೆಟ್ಟದ್ದು ಬಂದರೆ ಹೆದರಿ ತಲೆಮರೆಸಿಕೊಳ್ಳಲು ಬಿಡಬೇಡಿ, ಅಂದೇ ವಕೀಲರ ಬಳಿಗೆ ಕರೆದೊಯ್ಯಿರಿ. ವಕೀಲರು ಬೈಯುತ್ತಾರೆ, ಬೈಸಿಕೊಳ್ಳಿ. ಆದರೆ ನಿನ್ನೆ ಏನು ತಿಂದಿರಿ ಎಂದು ಅವರು ಕೇಳುವವರೆಗೆ ಅಲ್ಲಿಂದ ಏಳಬೇಡಿ.